ಪಿಯುಸಿ ನಂತರ ಗಣಿತವನ್ನು ಎಲ್ಲಿ ಓದಬೇಕು? ಅರ್ಜಿಯಿಂದ ಉದ್ಯೋಗದವರೆಗೆ, ಹಂತ ಹಂತವಾಗಿ

ಪಿಯುಸಿ ಫಲಿತಾಂಶ ಬಂದ ವಾರ ನನ್ನ ಮನೆಗೆ ಬರುವವರ ಪ್ರಶ್ನೆ ಪ್ರತಿ ವರ್ಷವೂ ಒಂದೇ. "ಸಾರ್, ಮಗಳಿಗೆ ಗಣಿತದಲ್ಲಿ ತೊಂಬತ್ತೆಂಟು ಬಂದಿದೆ. ಇಂಜಿನಿಯರಿಂಗ್ ಬೇಡ, ಗಣಿತವನ್ನೇ ಓದುತ್ತೇನೆ ಎನ್ನುತ್ತಾಳೆ. ಯಾವ ಕಾಲೇಜು ಒಳ್ಳೆಯದು?" ಅಷ್ಟು ಹೊತ್ತಿಗೆ ಒಳ್ಳೆಯ ಬಾಗಿಲುಗಳಲ್ಲಿ ಅರ್ಧದಷ್ಟು ಮುಚ್ಚಿರುತ್ತವೆ. ಅರ್ಜಿಯ ಕೊನೆಯ ದಿನ ದಾಟಿದ್ದು ಅವರಿಗೆ ಗೊತ್ತೂ ಇರುವುದಿಲ್ಲ.

ಎಡವುವುದು ಎಲ್ಲರೂ ಒಂದೇ ಜಾಗದಲ್ಲಿ. ಮೊದಲು ಕಾಲೇಜು ಆರಿಸುತ್ತಾರೆ, ಆಮೇಲೆ ಕಾಂಬಿನೇಷನ್, ಮೂರನೆಯ ವರ್ಷದಲ್ಲಿ ಉದ್ಯೋಗದ ಚಿಂತೆ. ಪದವಿ ಗಣಿತ ತನಗೆ ಒಗ್ಗುತ್ತದೆಯೇ ಎಂಬ ಪ್ರಶ್ನೆ ಎಲ್ಲಕ್ಕಿಂತ ಕೊನೆಗೆ, ಅದೂ ಒಂದು ಪತ್ರಿಕೆ ಫೇಲಾದ ಮೇಲೆ ಏಳುತ್ತದೆ. ಈ ಸರದಿಯನ್ನು ತಲೆಕೆಳಗು ಮಾಡಿ. ಕೆಳಗಿನ ಹಂತಗಳನ್ನು ಬರೆದ ಕ್ರಮದಲ್ಲೇ ಅನುಸರಿಸಿ. ಪ್ರಥಮ ಪಿಯುಸಿ ಮುಗಿದ ಬೇಸಿಗೆಯಲ್ಲೇ ಶುರುಮಾಡಿದರೆ ಉತ್ತಮ. ದ್ವಿತೀಯ ಪಿಯುಸಿಯ ಡಿಸೆಂಬರ್‌ನಲ್ಲಿ ಹಿಡಿದರೂ ನಡೆಯುತ್ತದೆ.

ಕೈಯಲ್ಲಿ ಇರಬೇಕಾದದ್ದು

ಒಂದು ಇನ್ನೂರು ಪುಟದ ನೋಟ್‌ಬುಕ್, ಗೋಡೆಗೆ ಹಾಕುವ ಕ್ಯಾಲೆಂಡರ್, ಮೂರು ನಾಲ್ಕು ಸಂಸ್ಥೆಗಳ ಹಳೆಯ ಪ್ರವೇಶ ಪರೀಕ್ಷೆಯ ಪ್ರಶ್ನೆಪತ್ರಿಕೆಗಳು, ನಿಮ್ಮ ಹತ್ತಿರದ ವಿಶ್ವವಿದ್ಯಾಲಯದ ಬಿಎಸ್ಸಿ ಪಠ್ಯಕ್ರಮ, ಜಾತಿ ಮತ್ತು ಆದಾಯ ಪ್ರಮಾಣಪತ್ರ. ಕೋಚಿಂಗ್ ಕೇಂದ್ರದ ಬ್ರೋಷರ್ ಈ ಪಟ್ಟಿಯಲ್ಲಿಲ್ಲ.

ಪ್ರಮಾಣಪತ್ರದ ವಿಷಯದಲ್ಲಿ ಈಗಲೇ ಒಂದು ಎಚ್ಚರಿಕೆ. ನಾಡಕಚೇರಿಯಲ್ಲಿ ಸಿಗುವ 2ಎ, 3ಬಿ ಎಂಬ ಪ್ರವರ್ಗದ ಪತ್ರ ರಾಜ್ಯದ ಕಾಲೇಜುಗಳಿಗೆ ಮಾತ್ರ ಸಾಕು. ಕೇಂದ್ರದ ಸಂಸ್ಥೆಗಳು ಕೇಳುವುದು ಕೇಂದ್ರದ ನಮೂನೆಯ ಒಬಿಸಿ ಕೆನೆಪದರೇತರ ಪ್ರಮಾಣಪತ್ರವನ್ನು. ರಾಜ್ಯದ ಪಟ್ಟಿಯಲ್ಲಿರುವ ಎಲ್ಲ ಜಾತಿಗಳೂ ಕೇಂದ್ರದ ಪಟ್ಟಿಯಲ್ಲಿ ಇರುವುದಿಲ್ಲ. ಆರ್ಥಿಕವಾಗಿ ಹಿಂದುಳಿದವರ ಪತ್ರವಾದರೆ ಆ ಹಣಕಾಸು ವರ್ಷದ್ದೇ ಆಗಿರಬೇಕು. ಸೀಟು ಸಿಕ್ಕ ಮೇಲೆ ದಾಖಲೆ ಪರಿಶೀಲನೆಯಲ್ಲಿ ಈ ಕಾರಣಕ್ಕೆ ವಾಪಸು ಬಂದ ಹುಡುಗನೊಬ್ಬನನ್ನು ನಾನು ಕಂಡಿದ್ದೇನೆ. ತಹಶೀಲ್ದಾರ್ ಕಚೇರಿಗೆ ಎರಡು ಬಾರಿ ಅಲೆದರೆ ತಪ್ಪಿಸಬಹುದಾಗಿದ್ದ ನಷ್ಟ ಅದು.

ಹಂತ 1: ನಿಮಗೆ ಇಷ್ಟವಿರುವುದು ಗಣಿತವೋ, ಅಂಕಗಳೋ?

ಪಿಯುಸಿ ಗಣಿತಕ್ಕೂ ಪದವಿ ಗಣಿತಕ್ಕೂ ಹೆಸರು ಒಂದೇ, ಕಸುಬು ಬೇರೆ. ಪಿಯುಸಿಯಲ್ಲಿ ಸೂತ್ರ ಹಾಕಿ ಉತ್ತರ ತೆಗೆಯುತ್ತೀರಿ. ಪದವಿಯಲ್ಲಿ ಆ ಸೂತ್ರ ಏಕೆ ನಿಜ, ಯಾವ ಷರತ್ತು ತೆಗೆದರೆ ಅದು ಮುರಿದುಬೀಳುತ್ತದೆ ಎಂದು ವಾಕ್ಯಗಳಲ್ಲಿ ಬರೆಯುತ್ತೀರಿ. ಸಿಇಟಿಯಲ್ಲಿ ಒಂದು ಪ್ರಶ್ನೆಗೆ ಸಿಗುವುದು ಒಂದು ನಿಮಿಷ ಇಪ್ಪತ್ತು ಸೆಕೆಂಡು. ಪದವಿ ಗಣಿತದಲ್ಲಿ ಒಂದು ಲೆಕ್ಕ ಮೂರು ದಿನ ತಿನ್ನಬಹುದು. ಮೊದಲನೆಯದರಲ್ಲಿ ಚುರುಕಾಗಿರುವವರಿಗೆ ಎರಡನೆಯದು ಹಿಡಿಸಲೇಬೇಕೆಂದೇನೂ ಇಲ್ಲ.

ಮನೆಯಲ್ಲೇ ಪರೀಕ್ಷಿಸಿಕೊಳ್ಳಿ. ಎರಡು ಮೀಟರ್ ಉದ್ದ, ಎರಡು ಮೀಟರ್ ಅಗಲದ ಚೌಕದ ಜಗಲಿ ಇದೆ. ಅದರ ಮೇಲೆ ಐದು ಅಡಿಕೆಗಳನ್ನು ನಿಮಗೆ ಇಷ್ಟ ಬಂದಲ್ಲಿ ಇಡಿ. ಹೇಗೇ ಇಟ್ಟರೂ, ಯಾವುದಾದರೂ ಎರಡು ಅಡಿಕೆಗಳ ನಡುವಿನ ದೂರ √2 ಮೀಟರ್ ಅಥವಾ ಅದಕ್ಕಿಂತ ಕಡಿಮೆ ಇರುತ್ತದೆ ಎಂದು ಸಾಧಿಸಿ. ಮೊಬೈಲ್ ಬದಿಗಿಟ್ಟು ಒಂದು ಸಂಜೆ ಕೂತುಕೊಳ್ಳಿ. ಇಲ್ಲಿ ಹಾಕುವ ಸೂತ್ರವೇ ಇಲ್ಲ.

ಒಂದು ಹೊತ್ತಿನಲ್ಲಿ ಹೊಳೆಯುವುದು ಇಷ್ಟು: ಜಗಲಿಯನ್ನು ಒಂದು ಮೀಟರ್‌ನ ನಾಲ್ಕು ಚೌಕಗಳಾಗಿ ಗೆರೆ ಎಳೆಯಿರಿ. ಅಡಿಕೆ ಐದು, ಚೌಕ ನಾಲ್ಕು. ಹಾಗಾಗಿ ಒಂದು ಚೌಕದಲ್ಲಿ ಎರಡಾದರೂ ಬೀಳಲೇಬೇಕು. ಒಂದು ಮೀಟರ್ ಚೌಕದ ಒಳಗೆ ಅತಿ ಹೆಚ್ಚು ದೂರವೆಂದರೆ ಅದರ ಕರ್ಣ, ಅಂದರೆ √2. ಮುಗಿಯಿತು.

ಉತ್ತರ ಹೊಳೆಯಿತೋ ಇಲ್ಲವೋ ಎಂಬುದಕ್ಕೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ಉತ್ತರ ಓದಿದ ಮೇಲೆ ನಿಮ್ಮ ತಲೆಯಲ್ಲಿ ಏನು ನಡೆಯಿತು ಎಂದು ಗಮನಿಸಿ. "ಐದರ ಬದಲು ನಾಲ್ಕು ಅಡಿಕೆ ಇಟ್ಟರೆ?" ಎಂದು ತಾನಾಗಿ ಕೇಳಿಕೊಂಡು, ನಾಲ್ಕು ಮೂಲೆಗಳಲ್ಲಿ ಇಟ್ಟರೆ ಮಾತು ಸುಳ್ಳಾಗುತ್ತದೆ ಎಂದು ಕಂಡುಕೊಂಡ ಹುಡುಗಿ ಮುಂದಿನ ಹಂತಕ್ಕೆ ಹೋಗಬಹುದು. "ಇದು ಎಷ್ಟು ಅಂಕದ ಪ್ರಶ್ನೆ?" ಎಂದು ಕೇಳಿದವನಿಗೆ ನಾನು ಇಂಜಿನಿಯರಿಂಗ್ ಅಥವಾ ಡೇಟಾ ಸೈನ್ಸ್ ಕೋರ್ಸುಗಳನ್ನು ನೋಡು ಎನ್ನುತ್ತೇನೆ. ಅದರಲ್ಲಿ ಅವಮಾನವೇನಿಲ್ಲ. ಅವನಿಗೆ ಬೇಕಾದದ್ದು ಗಣಿತದ ಬಳಕೆ.

ಇಂಥ ಹತ್ತು ಲೆಕ್ಕಗಳನ್ನು ಒಂದು ತಿಂಗಳು ಮಾಡಿ. ಒಲಿಂಪಿಯಾಡ್‌ನ ಮೊದಲ ಸುತ್ತಿನ ಹಳೆಯ ಪ್ರಶ್ನೆಪತ್ರಿಕೆಗಳಲ್ಲಿ ಬೇಕಾದಷ್ಟು ಸಿಗುತ್ತವೆ.

ಇಲ್ಲಿ ಆಗುವ ತಪ್ಪು: ಉತ್ತರದ ವೀಡಿಯೊ ನೋಡಿ "ಅರ್ಥವಾಯಿತು" ಎಂದುಕೊಳ್ಳುವುದು. ಮರುದಿನ ಖಾಲಿ ಹಾಳೆಯ ಮೇಲೆ ಬರೆಯಲು ಬಂದರೆ ಮಾತ್ರ ಅರ್ಥವಾದಂತೆ.

ಹಂತ 2: ಬಾಗಿಲುಗಳು ಯಾವುವು, ಯಾವುದಕ್ಕೆ ಯಾವ ಬೀಗ

ಕರ್ನಾಟಕದ ವಿದ್ಯಾರ್ಥಿಯ ಮುಂದೆ ಐದಾರು ದಾರಿಗಳಿವೆ. ಒಂದರ ತಯಾರಿ ಇನ್ನೊಂದಕ್ಕೆ ಪೂರ್ತಿ ಒದಗುವುದಿಲ್ಲ. ಎಲ್ಲದಕ್ಕೂ ಅರ್ಜಿ ಹಾಕಿ ಯಾವುದಕ್ಕೂ ಓದದಿರುವುದು ಇಲ್ಲಿನ ದೊಡ್ಡ ತಪ್ಪು. ಮೂರಕ್ಕಿಂತ ಹೆಚ್ಚು ಆರಿಸಬೇಡಿ.

ಶುದ್ಧ ಗಣಿತಕ್ಕೆ ಮೊದಲು ನೋಡಬೇಕಾದ ಎರಡು ಜಾಗಗಳೆಂದರೆ ಬೆಂಗಳೂರಿನ ಮೈಸೂರು ರಸ್ತೆಯಲ್ಲಿರುವ ಭಾರತೀಯ ಸಾಂಖ್ಯಿಕ ಸಂಸ್ಥೆ, ಅಂದರೆ ಐಎಸ್‌ಐ, ಮತ್ತು ಚೆನ್ನೈ ಹೊರವಲಯದ ಸಿರುಸೇರಿಯಲ್ಲಿರುವ ಚೆನ್ನೈ ಗಣಿತ ಸಂಸ್ಥೆ, ಅಂದರೆ ಸಿಎಂಐ. ಐಎಸ್‌ಐನ ಬಿ.ಮ್ಯಾತ್ ಪದವಿ ನಡೆಯುವುದು ಬೆಂಗಳೂರಿನಲ್ಲೇ. ಇದು ನಮ್ಮಲ್ಲಿ ಎಷ್ಟೋ ಪಿಯು ಕಾಲೇಜುಗಳಿಗೇ ಗೊತ್ತಿಲ್ಲ. ಸಂಖ್ಯಾಶಾಸ್ತ್ರದ ಬಿ.ಸ್ಟ್ಯಾಟ್ ಬೇಕಾದರೆ ಕೋಲ್ಕತ್ತಾಕ್ಕೆ ಹೋಗಬೇಕು. ಸಿಎಂಐನಲ್ಲಿ ಗಣಿತದ ಜೊತೆ ಕಂಪ್ಯೂಟರ್ ವಿಜ್ಞಾನ ಅಥವಾ ಭೌತಶಾಸ್ತ್ರವಿರುವ ಬಿಎಸ್ಸಿ ಆನರ್ಸ್ ಇದೆ. ಎರಡೂ ಕಡೆ ಸೀಟುಗಳು ಬಹಳ ಕಡಿಮೆ, ಪ್ರವೇಶ ಪರೀಕ್ಷೆ ಅವರವರದ್ದೇ, ಮತ್ತು ಪರೀಕ್ಷೆಯ ಒಂದು ಭಾಗದಲ್ಲಿ ಸಾಧನೆಯನ್ನು (ಪ್ರೂಫ್) ಪೂರ್ತಿಯಾಗಿ ಬರೆಯಬೇಕು. ಗುರುತು ಹಾಕಿ ಪಾಸಾಗುವ ಪರೀಕ್ಷೆ ಅಲ್ಲ. ಸಿಎಂಐನಲ್ಲಿ ಚಿಕ್ಕ ಉತ್ತರಗಳ ಮೊದಲ ಭಾಗದಲ್ಲಿ ಸಾಕಷ್ಟು ಅಂಕ ಬಾರದಿದ್ದರೆ ಎರಡನೆಯ ಭಾಗವನ್ನು ತೆರೆದೂ ನೋಡುವುದಿಲ್ಲ.

ಎರಡನೆಯದು ಐಸರ್‌ಗಳು, ಅಂದರೆ ಕೇಂದ್ರದ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳು: ಪುಣೆ, ಕೋಲ್ಕತ್ತಾ, ಮೊಹಾಲಿ, ಭೋಪಾಲ್, ತಿರುವನಂತಪುರ, ತಿರುಪತಿ, ಬೆಹ್ರಾಂಪುರ. ಇವುಗಳ ಐಎಟಿ ಪರೀಕ್ಷೆಯಲ್ಲಿ ಜೀವಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಭೌತಶಾಸ್ತ್ರ ತಲಾ 15 ಪ್ರಶ್ನೆಗಳು ಬರುತ್ತವೆ. ಪಿಯುಸಿಯಲ್ಲಿ ಜೀವಶಾಸ್ತ್ರ ಬಿಟ್ಟವನು 60ರಲ್ಲಿ 15 ಪ್ರಶ್ನೆಗಳನ್ನು ಊರಲ್ಲೇ ಬಿಟ್ಟು ಹೋದಂತೆ. ಕೂಡಲೇ ಹೆದರಬೇಡಿ, ಉಳಿದ 45ರಲ್ಲಿ ಚೆನ್ನಾಗಿ ಮಾಡಿದರೆ ಸಾಗುತ್ತದೆ. ಆದರೆ ಸೇರಿದ ಮೇಲೂ ಆರಂಭದ ಸೆಮಿಸ್ಟರ್‌ಗಳಲ್ಲಿ ಎಲ್ಲ ವಿಜ್ಞಾನಗಳನ್ನೂ ಓದಬೇಕು, ಪ್ರಯೋಗಾಲಯಕ್ಕೂ ಹೋಗಬೇಕು, ಆಮೇಲೆಯೇ ಗಣಿತವನ್ನು ಮುಖ್ಯ ವಿಷಯವಾಗಿ ಹಿಡಿಯುವುದು. ಗಣಿತವೋ ಭೌತಶಾಸ್ತ್ರವೋ ಎಂದು ಇನ್ನೂ ತೂಗುತ್ತಿರುವವರಿಗೆ ಇದು ಹೇಳಿ ಮಾಡಿಸಿದ ಜಾಗ. ಗಣಿತ ಬಿಟ್ಟು ಬೇರೇನೂ ಬೇಡ ಎನ್ನುವವರಿಗೆ ಕಿರಿಕಿರಿ. ಭುವನೇಶ್ವರದ ನೈಸರ್ ಕೂಡ ಇದೇ ಬಗೆಯದು, ಅದಕ್ಕೆ ನೆಸ್ಟ್ ಎಂಬ ಬೇರೆ ಪರೀಕ್ಷೆ.

ಮೂರನೆಯದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಾಲ್ಕು ವರ್ಷದ ಬಿಎಸ್ ಮತ್ತು ಐಐಟಿಗಳು. ವಿಜ್ಞಾನ ಸಂಸ್ಥೆಯಲ್ಲಿ 2022ರಿಂದ ಗಣಿತ ಮತ್ತು ಕಂಪ್ಯೂಟಿಂಗ್‌ನಲ್ಲಿ ಬಿ.ಟೆಕ್ ಕೂಡ ಇದೆ, ಅದಕ್ಕೆ ಜೆಇಇ ಅಡ್ವಾನ್ಸ್‌ಡ್ ರ‍್ಯಾಂಕ್ ಬೇಕು. ಹಳೆಯ ಪುಸ್ತಕಗಳಲ್ಲಿ, ಹಿರಿಯರ ಬಾಯಲ್ಲಿ ಇನ್ನೂ ಓಡಾಡುತ್ತಿರುವ, ವಿಜ್ಞಾನ ವಿದ್ಯಾರ್ಥಿವೇತನದ ಕೆವಿಪಿವೈ ಪರೀಕ್ಷೆ ಈಗ ಇಲ್ಲ. ಅದರ ಹೆಸರಿನಲ್ಲಿ ಕೋಚಿಂಗ್ ಮಾರುವವರಿದ್ದರೆ ಅದೇ ಒಂದು ಎಚ್ಚರಿಕೆಯ ಗಂಟೆ. ಐಐಟಿಗಳ "ಗಣಿತ ಮತ್ತು ಕಂಪ್ಯೂಟಿಂಗ್" ಶಾಖೆಗಳ ಪಠ್ಯಕ್ರಮವನ್ನು ತೆರೆದು ನೋಡಿ. ಹಲವು ಕಡೆ ಅದು ಗಣಿತದ ಶಾಲು ಹೊದ್ದ ಕಂಪ್ಯೂಟರ್ ಸೈನ್ಸ್. ಕೆಲಸ ಬೇಕಾದವರಿಗೆ ಅದೇ ಒಳ್ಳೆಯದು, ಆದರೆ ಗೊತ್ತಿದ್ದು ಸೇರಿ.

ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ ಸಿಯುಇಟಿ ಎಂಬ ರಾಷ್ಟ್ರಮಟ್ಟದ ಸಾಮಾನ್ಯ ಪ್ರವೇಶ ಪರೀಕ್ಷೆ ಬರೆಯಬೇಕು. ಹೈದರಾಬಾದ್ ವಿಶ್ವವಿದ್ಯಾಲಯದ ಐದು ವರ್ಷದ ಸಂಯೋಜಿತ ಎಂಎಸ್ಸಿ ನಮ್ಮ ಕಲ್ಯಾಣ ಕರ್ನಾಟಕದ ಮಕ್ಕಳಿಗೆ ರೈಲಿನಲ್ಲಿ ಒಂದು ರಾತ್ರಿಯಷ್ಟೂ ದೂರವಿಲ್ಲ. ಆದರೂ ಅರ್ಜಿ ಹಾಕುವವರು ವಿರಳ.

ಉಳಿದದ್ದು ರಾಜ್ಯದ ವಿಶ್ವವಿದ್ಯಾಲಯಗಳ ಅಡಿಯ ಬಿಎಸ್ಸಿ. ಓದುಗರಲ್ಲಿ ಬಹುಪಾಲು ಜನ ಕೊನೆಗೆ ಸೇರುವುದು ಇಲ್ಲೇ. ಹಾಗಾಗಿ ಅದಕ್ಕೆ ಪ್ರತ್ಯೇಕ ಹಂತವನ್ನೇ ಇಟ್ಟಿದ್ದೇನೆ.

ಹಂತ 3: ಕ್ಯಾಲೆಂಡರ್ ಬರೆಯಿರಿ

ದಿನಾಂಕಗಳು ವರ್ಷದಿಂದ ವರ್ಷಕ್ಕೆ ಸರಿಯುತ್ತವೆ, ಆದರೆ ಋತು ಒಂದೇ. ಸಿಯುಇಟಿಯ ಅರ್ಜಿ ಜನವರಿಯಲ್ಲೇ ತೆರೆಯಬಹುದು; ಐಎಸ್‌ಐ, ಸಿಎಂಐ, ಐಎಟಿ ಇವುಗಳ ಅರ್ಜಿಗಳು ಹೆಚ್ಚುಕಡಿಮೆ ಮಾರ್ಚ್ ಸುತ್ತಮುತ್ತ ತೆರೆಯುತ್ತವೆ. ಅದು ದ್ವಿತೀಯ ಪಿಯುಸಿ ಪರೀಕ್ಷೆಯ ಕಾಲ. ಮನೆಯವರು ಮೊಬೈಲ್ ಕಿತ್ತಿಟ್ಟಿರುತ್ತಾರೆ, ಮಕ್ಕಳು ಪರೀಕ್ಷೆಯ ಗುಂಗಿನಲ್ಲಿರುತ್ತಾರೆ, ಅರ್ಜಿ ಹಾಗೆಯೇ ಜಾರಿಹೋಗುತ್ತದೆ. ಪರೀಕ್ಷೆಗಳು ಮೇ, ಜೂನ್‌ನಲ್ಲಿ.

ಮಾಡಬೇಕಾದದ್ದು: ಜನವರಿ 1ರಿಂದ ಪ್ರತಿ ಭಾನುವಾರ ಆಯ್ದ ಮೂರು ಸಂಸ್ಥೆಗಳ ಜಾಲತಾಣವನ್ನು ಅಪ್ಪನೋ ಅಕ್ಕನೋ ನೋಡುವುದು ಎಂದು ಒಬ್ಬರಿಗೆ ವಹಿಸಿಬಿಡಿ. ಅರ್ಜಿಗೆ ಬೇಕಾದ ಫೋಟೊ, ಸಹಿ, ಪ್ರಮಾಣಪತ್ರಗಳ ಸ್ಕ್ಯಾನ್ ಪ್ರತಿಗಳನ್ನು ಜನವರಿಯಲ್ಲೇ ಒಂದು ಫೋಲ್ಡರ್‌ನಲ್ಲಿಡಿ. ಕೊನೆಯ ದಿನ ಶುಲ್ಕ ಕಟ್ಟಲು ಹೋದವರ ಹಣ ಕಡಿತವಾಗಿ ಅರ್ಜಿ ದಾಖಲಾಗದೆ ಉಳಿದ ಕಥೆಗಳು ಪ್ರತಿ ವರ್ಷ ಕೇಳಿಬರುತ್ತವೆ. ಒಂದು ವಾರ ಮುಂಚೆ ಮುಗಿಸಿ.

ತಯಾರಿಗೂ ಇಲ್ಲಿಯೇ ಒಂದು ಮಾತು. ಐಎಸ್‌ಐ, ಸಿಎಂಐಗೆ ಬೇಕಾದ ಪಾಠ ಹನ್ನೊಂದು ಹನ್ನೆರಡನೆಯ ತರಗತಿಯದ್ದೇ: ಬೀಜಗಣಿತ, ಸಂಖ್ಯಾ ಸಿದ್ಧಾಂತದ ಮೊದಲ ಪಾಠಗಳು, ಎಣಿಕೆಯ ಲೆಕ್ಕ, ಜ್ಯಾಮಿತಿ, ಕಲನಶಾಸ್ತ್ರ. ಹೊಸದು ಬರವಣಿಗೆ. ಹಳೆಯ ಪತ್ರಿಕೆಯ ಒಂದೊಂದು ಪ್ರಶ್ನೆಯನ್ನು ಪೂರ್ತಿ ವಾಕ್ಯಗಳಲ್ಲಿ ಬರೆದು ಗಣಿತ ಗೊತ್ತಿರುವ ಯಾರಿಗಾದರೂ ಓದಲು ಕೊಡಿ. "ಇಲ್ಲಿಂದ ಇಲ್ಲಿಗೆ ಹೇಗೆ ಹಾರಿದೆ?" ಎಂದು ಅವರು ಕೇಳಿದ ಪ್ರತಿ ಜಾಗವೂ ನೀವು ಅಂಕ ಕಳೆದುಕೊಳ್ಳುವ ಜಾಗ.

ಹಂತ 4: ಊರ ಹತ್ತಿರದ ಕಾಲೇಜನ್ನು ಅಳೆಯುವುದು

ನಾನು ಕಾಲೇಜು ಆರಿಸಿದ್ದು ನಮ್ಮೂರ ಬಸ್ಸು ಅದರ ಗೇಟಿನ ಮುಂದೆಯೇ ನಿಲ್ಲುತ್ತದೆ ಎಂಬ ಒಂದೇ ಕಾರಣಕ್ಕೆ. ಮೂರು ವರ್ಷ ನೋಟ್ಸ್ ಬರೆದುಕೊಂಡೆ, ಒಳ್ಳೆಯ ಅಂಕಗಳೂ ಬಂದವು. ಎಂಎಸ್ಸಿಯ ಮೊದಲ ತಿಂಗಳಲ್ಲೇ ನನಗೆ ಏನೂ ಬರುವುದಿಲ್ಲ ಎಂದು ಗೊತ್ತಾಯಿತು. ಕೆಳಗಿನ ಪರಿಶೀಲನೆಗೆ ಒಂದು ದಿನ ಸಾಕು. ಆ ಒಂದು ದಿನವನ್ನು ಅಂದು ನಾನು ಕೊಟ್ಟಿರಲಿಲ್ಲ.

ಮೊದಲು ಗ್ರಂಥಾಲಯಕ್ಕೆ ಹೋಗಿ. ರಿಯಲ್ ಅನಾಲಿಸಿಸ್ ಅಥವಾ ಗ್ರೂಪ್ ಥಿಯರಿಯ ಒಂದು ಒಳ್ಳೆಯ ಪುಸ್ತಕ ಕೇಳಿ, ಕೊಟ್ಟರೆ ಒಳರಟ್ಟಿಗೆ ಅಂಟಿಸಿದ ದಿನಾಂಕದ ಚೀಟಿಯನ್ನು ನೋಡಿ. ಕೊನೆಯ ಮುದ್ರೆ ಹತ್ತು ವರ್ಷದ ಹಿಂದಿನದಾದರೆ, ಆ ಕಾಲೇಜಿನಲ್ಲಿ ಗಣಿತ ಗೈಡುಗಳ ಮೇಲೆ ನಡೆಯುತ್ತಿದೆ ಎಂದರ್ಥ. ಚೀಟಿ ಮುದ್ರೆಗಳಿಂದ ತುಂಬಿ, ಅದರ ಮೇಲೆ ಇನ್ನೊಂದು ಚೀಟಿ ಅಂಟಿಸಿದ್ದರೆ, ಕಟ್ಟಡ ಹಳೆಯದಾದರೂ ಸೇರಿ.

ಆಮೇಲೆ ಹಳೆಯ ಪ್ರಶ್ನೆಪತ್ರಿಕೆಗಳು. ಮೂರು ವರ್ಷದ್ದನ್ನು ಪಕ್ಕಪಕ್ಕದಲ್ಲಿ ಹರಡಿ. "ಲಗ್ರಾಂಜನ ಪ್ರಮೇಯವನ್ನು ನಿರೂಪಿಸಿ ಸಾಧಿಸಿ" ಎಂಬುದು ಮೂರೂ ವರ್ಷ ಇರುವುದು ಸಹಜ. ಆದರೆ ಎಲ್ಲೂ "12 ಅಂಶಗಳ ಗ್ರೂಪ್‌ಗೆ 6 ಅಂಶಗಳ ಸಬ್‌ಗ್ರೂಪ್ ಇರಲೇಬೇಕೇ? ಇಲ್ಲವಾದರೆ ಉದಾಹರಣೆ ಕೊಡಿ" ಎಂಬ ಜಾತಿಯ ಪ್ರಶ್ನೆ ಒಂದೂ ಇಲ್ಲದಿದ್ದರೆ, ಪಾಸಾಗಲು ನೆನಪು ಸಾಕು, ಯೋಚನೆ ಬೇಡ. ಪ್ರಶ್ನೆಪತ್ರಿಕೆ ತಯಾರಿಸುವುದು ಕಾಲೇಜಲ್ಲ, ವಿಶ್ವವಿದ್ಯಾಲಯ. ಹಾಗಾಗಿ ಇಂಥ ಕಡೆ ಸೇರಲೇಬೇಡಿ ಎನ್ನುವುದಿಲ್ಲ. ಸೇರಿದರೆ ಗಣಿತವನ್ನು ಹೊರಗಿನಿಂದ ನೀವೇ ತರಬೇಕು ಎಂದು ತಿಳಿದು ಸೇರಿ. ಸ್ವಾಯತ್ತ ಕಾಲೇಜಾದರೆ ಪ್ರಶ್ನೆಪತ್ರಿಕೆ ಅವರದ್ದೇ, ಆಗ ಅದು ನೇರವಾಗಿ ಆ ವಿಭಾಗದ ಕನ್ನಡಿ.

ಮೂರನೆಯದಾಗಿ ವಿಭಾಗದ ಬಾಗಿಲು. ಕಾಯಂ ಅಧ್ಯಾಪಕರು ಎಷ್ಟು, ಅತಿಥಿ ಉಪನ್ಯಾಸಕರು ಎಷ್ಟು ಎಂದು ಕೇಳಿ. ಅತಿಥಿ ಉಪನ್ಯಾಸಕರಲ್ಲಿ ಅತ್ಯುತ್ತಮ ಶಿಕ್ಷಕರಿದ್ದಾರೆ, ಅವರನ್ನು ಕಡಿಮೆ ಎಣಿಸುವ ಮಾತೇ ಇಲ್ಲ. ತೊಂದರೆ ನೇಮಕಾತಿಯದು: ಸೆಮಿಸ್ಟರ್ ಶುರುವಾಗಿ ವಾರಗಳಾದರೂ ಆದೇಶ ಬಾರದೆ ತರಗತಿಗಳು ಖಾಲಿ ಹೋಗುತ್ತವೆ. ಇಡೀ ವಿಭಾಗ ಹೀಗೆಯೇ ನಡೆಯುತ್ತಿದ್ದರೆ ಮೂರು ವರ್ಷದಲ್ಲಿ ನೀವು ಕಳೆದುಕೊಳ್ಳುವ ಪಾಠಗಳನ್ನು ಲೆಕ್ಕ ಹಾಕಿ. ಅದೇ ಆವರಣದಲ್ಲಿ ಗಣಿತದ ಎಂಎಸ್ಸಿ ಇದ್ದರೆ ಅದಕ್ಕೆ ನಾನು ಹೆಚ್ಚು ಅಂಕ ಕೊಡುತ್ತೇನೆ. ಸಂಜೆ ಐದಕ್ಕೆ ಸಂದೇಹ ಕೇಳಲು ಸೀನಿಯರ್‌ಗಳು ಸಿಗುತ್ತಾರೆ.

ಕೊನೆಗೆ ಕ್ಯಾಂಟೀನ್. ಅಂತಿಮ ವರ್ಷದ ಇಬ್ಬರು ವಿದ್ಯಾರ್ಥಿಗಳಿಗೆ ಚಹಾ ಕೊಡಿಸಿ ಎರಡು ಪ್ರಶ್ನೆ ಕೇಳಿ: ಕಳೆದ ವರ್ಷ ಮುಗಿಸಿದವರು ಈಗ ಎಲ್ಲಿದ್ದಾರೆ? ಜ್ಯಾಮ್ ಪರೀಕ್ಷೆ (ಐಐಟಿಗಳ ಎಂಎಸ್ಸಿಯ ಪ್ರವೇಶ ಪರೀಕ್ಷೆ) ಬರೆದವರು ಯಾರಾದರೂ ಇದ್ದಾರೆಯೇ? "ಜ್ಯಾಮ್ ಅಂದರೆ?" ಎಂಬ ಮರುಪ್ರಶ್ನೆ ಬಂದರೆ ಉತ್ತರ ಸಿಕ್ಕಿತು.

ಹಂತ 5: ಕಾಂಬಿನೇಷನ್ ಆರಿಸುವುದು

ರಾಜ್ಯದಲ್ಲಿ 2021ರಲ್ಲಿ ಬಂದ ನಾಲ್ಕು ವರ್ಷದ ಪದವಿ ವ್ಯವಸ್ಥೆಯನ್ನು ಕೈಬಿಟ್ಟು 2024-25ರಿಂದ ಮತ್ತೆ ಮೂರು ವರ್ಷಕ್ಕೆ ಮರಳಲಾಗಿದೆ. ಹಾಗಾಗಿ 2024ಕ್ಕೆ ಮೊದಲು ಸೇರಿದ ಪಕ್ಕದ ಮನೆಯ ಅಣ್ಣನ ಸಲಹೆ ಈಗ ಹೊಂದುವುದಿಲ್ಲ. ಈ ವರ್ಷದ ಪ್ರಾಸ್ಪೆಕ್ಟಸ್ಸನ್ನೇ ನೋಡಿ.

ಗಣಿತದ ಪಕ್ಕದಲ್ಲಿ ಕೂರುವ ವಿಷಯಗಳು ನಿಮ್ಮ ಮುಂದಿನ ದಾರಿಯನ್ನು ತೀರ್ಮಾನಿಸುತ್ತವೆ. ಸರ್ಕಾರಿ ಪ್ರೌಢಶಾಲಾ ಶಿಕ್ಷಕರಾಗುವ ಆಸೆಯಿದ್ದರೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಪಿಸಿಎಂ ಸುರಕ್ಷಿತ. ಶಿಕ್ಷಕರ ನೇಮಕಾತಿ ಅಧಿಸೂಚನೆಯಲ್ಲಿ ಪದವಿಯಲ್ಲಿ ಯಾವ ಐಚ್ಛಿಕ ವಿಷಯಗಳನ್ನು ಓದಿರಬೇಕು ಎಂದು ಬರೆದಿರುತ್ತದೆ, ಹಿಂದಿನ ಒಂದು ಅಧಿಸೂಚನೆಯನ್ನು ಸೇರುವ ಮೊದಲೇ ಓದಿ. ಉದ್ಯೋಗ ಕಂಪನಿಗಳಲ್ಲಿ ಬೇಕಾದರೆ ಗಣಿತ, ಸಂಖ್ಯಾಶಾಸ್ತ್ರ, ಕಂಪ್ಯೂಟರ್ ವಿಜ್ಞಾನ. ನನ್ನನ್ನು ಕೇಳಿದರೆ ಇಂದು ಇದಕ್ಕಿಂತ ಗಟ್ಟಿಯಾದ ಕೂಟ ಇಲ್ಲ. ದುರದೃಷ್ಟವೆಂದರೆ ಜಿಲ್ಲಾ ಕೇಂದ್ರಗಳಲ್ಲೇ ಸಂಖ್ಯಾಶಾಸ್ತ್ರ ವಿಭಾಗವಿರುವ ಕಾಲೇಜು ಹುಡುಕಬೇಕು. ಹುಡುಕಿ. ಇಪ್ಪತ್ತು ಕಿಲೋಮೀಟರ್ ಹೆಚ್ಚು ಪ್ರಯಾಣವಾದರೂ ಸರಿ.

ಬೋಧನೆಯೇ ಗುರಿ ಎಂದು ಖಚಿತವಾಗಿರುವವರು ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯನ್ನು ನೋಡಬೇಕು. ಅಲ್ಲಿ ಬಿಎಸ್ಸಿ ಮತ್ತು ಬಿ.ಎಡ್ ನಾಲ್ಕು ವರ್ಷದಲ್ಲಿ ಒಟ್ಟಿಗೇ ಮುಗಿಯುತ್ತವೆ. ಬೇರೆ ಕಡೆ ಮೂರು ಮತ್ತು ಎರಡು ಸೇರಿ ಐದು.

ಹಂತ 6: ಹಣದ ಲೆಕ್ಕ

ಐಎಸ್‌ಐನಲ್ಲಿ ಬೋಧನಾ ಶುಲ್ಕವಿಲ್ಲ, ತಿರುಗಿ ತಿಂಗಳಿಗಿಷ್ಟು ಸ್ಟೈಪೆಂಡ್ ಕೊಡುತ್ತಾರೆ. ಆದರೆ ಅಂಕ ಕುಸಿದರೆ ಅದು ನಿಲ್ಲುತ್ತದೆ. ಸಿಎಂಐನ ಶುಲ್ಕ ಕಾಗದದ ಮೇಲೆ ದೊಡ್ಡದು, ವಿನಾಯಿತಿಯ ಅವಕಾಶವಿದೆ. ಶುಲ್ಕ ನೋಡಿ ಅರ್ಜಿಯನ್ನೇ ಹಾಕದಿರುವುದು ತಪ್ಪು. ಸೀಟು ಸಿಕ್ಕ ಮೇಲೆ ವಿನಾಯಿತಿ ಕೇಳಿ, ಸಿಗದಿದ್ದರೆ ಆಗ ಬಿಡಿ.

ಪಿಯುಸಿಯಲ್ಲಿ ಮಂಡಳಿಯ ಮೇಲಿನ ಶೇ. 1ರೊಳಗೆ ಬಂದು ಮೂಲ ವಿಜ್ಞಾನದ ಪದವಿ ಸೇರಿದವರಿಗೆ ಕೇಂದ್ರದ ಇನ್‌ಸ್ಪೈರ್ ವಿದ್ಯಾರ್ಥಿವೇತನವಿದೆ: ವರ್ಷಕ್ಕೆ 80,000 ರೂಪಾಯಿ, ಅದರಲ್ಲಿ 20,000 ಬೇಸಿಗೆಯ ಸಂಶೋಧನಾ ಪ್ರಾಜೆಕ್ಟಿಗೆ. ಗಣಿತ, ಸಂಖ್ಯಾಶಾಸ್ತ್ರ ಎರಡೂ ಇದರಲ್ಲಿ ಬರುತ್ತವೆ. ಬಿ.ಟೆಕ್ ಸೇರಿದರೆ ಇಲ್ಲ. ಊರಿನ ಸಾಮಾನ್ಯ ಸರ್ಕಾರಿ ಕಾಲೇಜಿನಲ್ಲಿ ಓದುತ್ತಾ ಇದನ್ನು ಪಡೆಯಬಹುದು ಎಂಬುದು ಪ್ರಾಂಶುಪಾಲರಿಗೂ ಕೆಲವೊಮ್ಮೆ ಹೊಸ ಸುದ್ದಿ. ರಾಜ್ಯದ ವಿದ್ಯಾರ್ಥಿವೇತನಗಳಿಗೆ ಎಸ್‌ಎಸ್‌ಪಿ ಪೋರ್ಟಲ್. ಅಲ್ಲಿ ಆಧಾರ್ ಹೆಸರು ಮತ್ತು ಅಂಕಪಟ್ಟಿಯ ಹೆಸರಿನಲ್ಲಿ ಒಂದು ಇನಿಷಿಯಲ್ ವ್ಯತ್ಯಾಸವಿದ್ದರೂ ಅರ್ಜಿ ಸಿಕ್ಕಿಕೊಳ್ಳುತ್ತದೆ, ಮೊದಲೇ ಸರಿಪಡಿಸಿಕೊಳ್ಳಿ.

ಹಂತ 7: ಉದ್ಯೋಗವನ್ನು ಹಿಂದಿನಿಂದ ಓದುವುದು

"ಗಣಿತ ಓದಿದರೆ ಟೀಚರ್ ಬಿಟ್ಟರೆ ಬೇರೇನು?" ಎಂಬ ಮಾತಿಗೆ ಉತ್ತರವಾಗಿ ಉದ್ದನೆಯ ಪಟ್ಟಿ ಕೊಡುವವರಿದ್ದಾರೆ. ಪಟ್ಟಿ ಸುಳ್ಳಲ್ಲ, ಆದರೆ ಪ್ರತಿ ಕೆಲಸದ ಬಾಗಿಲಲ್ಲೂ ಒಂದೊಂದು ಷರತ್ತು ನಿಂತಿದೆ. ಷರತ್ತನ್ನು ಮೊದಲು ಓದಿ, ಅದಕ್ಕೆ ಬೇಕಾದದ್ದನ್ನು ಪದವಿಯಲ್ಲೇ ಸೇರಿಸಿಕೊಳ್ಳಿ.

ಪದವಿ ಕಾಲೇಜಿನ ಸಹಾಯಕ ಪ್ರಾಧ್ಯಾಪಕರಾಗಲು ಎಂಎಸ್ಸಿಯಲ್ಲಿ ಶೇ. 55 ಅಂಕ, ಮೇಲೆ ಅಧ್ಯಾಪಕರ ಅರ್ಹತಾ ಪರೀಕ್ಷೆಗಳಾದ ನೆಟ್ ಅಥವಾ ಕೆ-ಸೆಟ್, ಇಲ್ಲವೇ ನಿಯಮದಂತೆ ಪಡೆದ ಪಿಎಚ್.ಡಿ. ಬೇಕು. ಪರಿಶಿಷ್ಟರು, ಕೆನೆಪದರಕ್ಕೆ ಸೇರದ ಹಿಂದುಳಿದ ವರ್ಗದವರು, ಅಂಗವಿಕಲರಿಗೆ ಅಂಕದಲ್ಲಿ ಐದರ ಸಡಿಲಿಕೆ ಇದೆ. ಅರ್ಹತೆ ಗಳಿಸಿದವರ ಸಂಖ್ಯೆ ಹುದ್ದೆಗಳಿಗಿಂತ ಎಷ್ಟೋ ಪಾಲು ಹೆಚ್ಚು, ನೇಮಕಾತಿ ವರ್ಷಗಟ್ಟಲೆ ಎಳೆಯುತ್ತದೆ. ಇದನ್ನು ಹೇಳದೆ ಮಕ್ಕಳನ್ನು ಹುರಿದುಂಬಿಸುವುದು ನನಗೆ ಸರಿಕಾಣುವುದಿಲ್ಲ. ಸಂಶೋಧನೆಯ ದಾರಿಯಲ್ಲಿ ಜೆಆರ್‌ಎಫ್ ಎಂಬ ಫೆಲೋಶಿಪ್ ಸಿಕ್ಕರೆ 2023ರ ಪರಿಷ್ಕರಣೆಯಂತೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಯಲಹಂಕದಲ್ಲಿರುವ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಅನ್ವಯಿಕ ಗಣಿತ ಕೇಂದ್ರ ಮತ್ತು ಭಾರತೀಯ ವಿಜ್ಞಾನ ಸಂಸ್ಥೆ ಎರಡರಲ್ಲೂ ಬಿಎಸ್ಸಿ ಮುಗಿಸಿ ನೇರವಾಗಿ ಸಂಯೋಜಿತ ಪಿಎಚ್.ಡಿ.ಗೆ ಸೇರಲು ಅವಕಾಶವಿದೆ. ಎರಡೂ ಬೆಂಗಳೂರಿನಲ್ಲೇ ಇವೆ.

ಯುಪಿಎಸ್‌ಸಿ ನಡೆಸುವ ಭಾರತೀಯ ಸಾಂಖ್ಯಿಕ ಸೇವೆಯ ಪರೀಕ್ಷೆಗೆ ಪದವಿಯಲ್ಲಿ ಸಂಖ್ಯಾಶಾಸ್ತ್ರ ಒಂದು ವಿಷಯವಾಗಿರಬೇಕು, ಇಲ್ಲವೇ ಅದರಲ್ಲಿ ಸ್ನಾತಕೋತ್ತರ ಪದವಿ ಇರಬೇಕು. ಬರೀ ಗಣಿತ ಸಾಲದು. ಹಂತ 5ರಲ್ಲಿ ಇಪ್ಪತ್ತು ಕಿಲೋಮೀಟರ್ ಹೆಚ್ಚು ಹೋಗಿ ಎಂದಿದ್ದು ಇದಕ್ಕೂ ಸೇರಿ.

ವಿಮಾ ಕಂಪನಿಗಳಲ್ಲಿ ಅಪಾಯ ಮತ್ತು ಕಂತಿನ ಲೆಕ್ಕ ಹಾಕುವ ಆಕ್ಚುವರಿ ಕೆಲಸಕ್ಕೆ ಭಾರತೀಯ ಆಕ್ಚುವರಿಗಳ ಸಂಸ್ಥೆಯ ಎಸೆಟ್ ಎಂಬ ಪ್ರವೇಶ ಪರೀಕ್ಷೆ ಇದೆ. ಪಿಯುಸಿ ಮುಗಿದ ಕೂಡಲೇ ಬರೆಯಬಹುದು. ಪದವಿ ಓದುತ್ತಲೇ ಒಂದೊಂದು ಪತ್ರಿಕೆ ಮುಗಿಸುತ್ತಾ ಹೋಗುವುದು ಜಾಣತನ, ಪೂರ್ತಿ ಮುಗಿಯಲು ವರ್ಷಗಳು ಹಿಡಿಯುತ್ತವೆ. ಸಿಎಯಂತೆಯೇ, ನಡುವೆ ಬಿಟ್ಟವರ ಸಂಖ್ಯೆಯೂ ದೊಡ್ಡದು.

ಬೆಂಗಳೂರಿನ ಬ್ಯಾಂಕ್ ಮತ್ತು ತಂತ್ರಜ್ಞಾನ ಕಂಪನಿಗಳಲ್ಲಿ ಅಪಾಯದ ಲೆಕ್ಕ, ದತ್ತಾಂಶ ವಿಶ್ಲೇಷಣೆಯ ಕೆಲಸಗಳಿಗೆ ಗಣಿತದವರನ್ನು ತೆಗೆದುಕೊಳ್ಳುತ್ತಾರೆ. ಆದರೆ ಸಂದರ್ಶನದಲ್ಲಿ ಕೇಳುವುದು ಸಂಭವನೀಯತೆ, ಲೀನಿಯರ್ ಆಲ್ಜೀಬ್ರಾ ಮತ್ತು ಪೈಥಾನ್ ಅಥವಾ ಎಸ್‌ಕ್ಯುಎಲ್. ಪದಕ ಗಳಿಸಿದ ಎಂಎಸ್ಸಿ ವಿದ್ಯಾರ್ಥಿಗೆ ಹತ್ತು ಸಾಲಿನ ಪ್ರೋಗ್ರಾಂ ಬರೆಯಲು ಬಾರದೆ ಕೆಲಸ ತಪ್ಪಿದ್ದನ್ನು ನೋಡಿದ್ದೇನೆ. ಎರಡನೆಯ ಸೆಮಿಸ್ಟರ್ ಮುಗಿಯುವುದರೊಳಗೆ ಒಂದು ಭಾಷೆಯನ್ನು ಕಲಿಯಿರಿ. ಐಐಟಿ ಮದ್ರಾಸ್‌ನ ದತ್ತಾಂಶ ವಿಜ್ಞಾನದ ಆನ್‌ಲೈನ್ ಬಿಎಸ್ ಅನ್ನು ಬಿಎಸ್ಸಿಯ ಜೊತೆಗೇ ಮಾಡುವವರೂ ಇದ್ದಾರೆ. ಎರಡು ದೋಣಿಗಳ ಮೇಲೆ ಕಾಲಿಡುವ ತ್ರಾಣವಿದ್ದರೆ ಮಾತ್ರ.

ವಿದೇಶದ ಬಗ್ಗೆ ಎರಡೇ ಮಾತು. ಪದವಿಗೆ ಹೋಗುವುದಕ್ಕಿಂತ ಸ್ನಾತಕೋತ್ತರಕ್ಕೆ ಹೋಗುವುದು ಅಗ್ಗ. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುತೇಕ ಕಡೆ ಬೋಧನಾ ಶುಲ್ಕವಿಲ್ಲ, ಆದರೆ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ಯುರೋಪ್ ಒಕ್ಕೂಟದ ಹೊರಗಿನವರಿಗೆ ಸೆಮಿಸ್ಟರ್‌ಗೆ 1,500 ಯೂರೋ ಇದೆ. ಭಾರತದವರಿಗೆ ವೀಸಾಕ್ಕೆ ಮೊದಲು ಅಂಕಪಟ್ಟಿಗಳನ್ನು ಪರಿಶೀಲಿಸಿ ಕೊಡುವ ಎಪಿಎಸ್ ಪ್ರಮಾಣಪತ್ರ ಬೇಕು, ಅದಕ್ಕೆ ತಿಂಗಳುಗಳ ಮುಂಚೆಯೇ ಅರ್ಜಿ ಹಾಕಿ.

ಹಂತ 8: ಸೇರಿದ ಮೇಲೆ ಮೊದಲ ವರ್ಷದ ಎಚ್ಚರಿಕೆಗಳು

ರಾಜ್ಯದ ಕಾಲೇಜಿನಲ್ಲಿ ಅಪಾಯದ ಗುರುತು ಕಡಿಮೆ ಅಂಕವಲ್ಲ, ಹೆಚ್ಚು ಅಂಕ. ಶೇ. 90 ಬರುತ್ತಿದೆ, ಆದರೆ ನೋಟ್ಸ್‌ನಲ್ಲಿ ಇಲ್ಲದ ಒಂದು ಲೆಕ್ಕ ಬಂದರೆ ಕೈ ನಿಲ್ಲುತ್ತದೆ ಎಂದಾದರೆ ತಕ್ಷಣ ಎಚ್ಚೆತ್ತುಕೊಳ್ಳಿ. ಅವಕಲನೀಯ ಫಂಕ್ಷನ್ ಅವಿಚ್ಛಿನ್ನವಾಗಿರುತ್ತದೆ ಎಂಬ ಪ್ರಮೇಯ ನಿಮಗೆ ಬಾಯಿಪಾಠವಿರಬಹುದು. ಅದರ ವಿಲೋಮ ಏಕೆ ನಿಜವಲ್ಲ ಎಂದು ಮಾಡ್ಯುಲಸ್ ಫಂಕ್ಷನ್ನಿನ ಚಿತ್ರ ಬರೆದು, ಸೊನ್ನೆಯ ಬಳಿಯ ಮೂಲೆಯನ್ನು ತೋರಿಸಿ ತಮ್ಮನಿಗೆ ವಿವರಿಸಲು ಬರುತ್ತದೆಯೇ? ಬಾರದಿದ್ದರೆ ಆ ಅಧ್ಯಾಯ ಆಗಿಲ್ಲ.

ಐಎಸ್‌ಐ, ಸಿಎಂಐಯಂಥ ಕಡೆ ಇದು ತಿರುಗುಮುರುಗು. ಅಲ್ಲಿ ಮೊದಲ ಸೆಮಿಸ್ಟರ್‌ನಲ್ಲಿ ಅಂಕ ಬೀಳುವುದು ಸಾಮಾನ್ಯ, ತಾಲ್ಲೂಕಿಗೆ ಮೊದಲಿಗರಾಗಿದ್ದವರು ತರಗತಿಯ ನಡುವಿನಲ್ಲಿ ನಿಲ್ಲುತ್ತಾರೆ. ಗಾಬರಿ ಬೇಡ. ಅಲ್ಲಿನ ನಿಜವಾದ ಗುರುತು ಬೇರೆ: ಟ್ಯುಟೋರಿಯಲ್‌ಗೆ ಹೋಗುವುದನ್ನು ನಿಲ್ಲಿಸಿದಿರಿ, ಅಸೈನ್‌ಮೆಂಟ್ ನಕಲು ಮಾಡತೊಡಗಿದಿರಿ, ಊಟಕ್ಕೆ ಒಬ್ಬರೇ ಹೋಗತೊಡಗಿದಿರಿ. ಕನ್ನಡ ಮಾಧ್ಯಮದಿಂದ ಹೋದವರು ಇಂಗ್ಲಿಷಿನ ಅಳುಕಿನಿಂದ ಪ್ರಶ್ನೆ ಕೇಳದೆ ಕೂರುವುದು ಇಲ್ಲಿಂದಲೇ ಶುರು. ತರಗತಿಯಲ್ಲಿ ಕೇಳಲಾಗದಿದ್ದರೆ ಚೀಟಿಯಲ್ಲಿ ಬರೆದುಕೊಂಡು ಅಧ್ಯಾಪಕರ ಕೋಣೆಗೆ ಹೋಗಿ. ಸಾಧನೆಯ ಯಾವ ಸಾಲು ಅರ್ಥವಾಗಿಲ್ಲ ಎಂದು ಬೆರಳಿಟ್ಟು ತೋರಿಸಲು ವ್ಯಾಕರಣ ಬೇಡ.

ಊರ ಕಾಲೇಜಿನಲ್ಲೇ ಉಳಿದವರಿಗೆ ಬಾಗಿಲು ಎರಡನೆಯ ಸಲ ತೆರೆಯುತ್ತದೆ. ಬೇಸಿಗೆಯಲ್ಲಿ ನಾಲ್ಕು ವಾರ ನಡೆಯುವ ಎಂಟಿಟಿಎಸ್ ಎಂಬ ಗಣಿತ ತರಬೇತಿ ಶಿಬಿರಕ್ಕೆ ನಿಮ್ಮ ವರ್ಷದವರಿಗೆ ಅವಕಾಶ ಸಿಕ್ಕ ಕೂಡಲೇ ಅರ್ಜಿ ಹಾಕಿ. ಅಲ್ಲಿ ಉಪನ್ಯಾಸ ಕಡಿಮೆ, ಹಲಗೆಯ ಮುಂದೆ ನಿಲ್ಲಿಸಿ ಯೋಚಿಸುವಂತೆ ಮಾಡುವುದು ಹೆಚ್ಚು. ಐಐಟಿಗಳ ಎಂಎಸ್ಸಿಗೆ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯ ಸಂಯೋಜಿತ ಪಿಎಚ್.ಡಿ.ಗೆ ಜ್ಯಾಮ್ ಬೇಕು. ಮೂರು ಗಂಟೆ, 60 ಪ್ರಶ್ನೆ, 100 ಅಂಕ, ಪರೀಕ್ಷೆ ಫೆಬ್ರವರಿಯಲ್ಲಿ. ಅರ್ಜಿ ಮಾತ್ರ ಹಿಂದಿನ ಸೆಪ್ಟೆಂಬರ್ ಹೊತ್ತಿಗೇ ತೆರೆದುಬಿಡುತ್ತದೆ, ಅಂದರೆ ನಿಮ್ಮ ಐದನೆಯ ಸೆಮಿಸ್ಟರ್ ಆಗಷ್ಟೇ ಶುರುವಾಗಿರುತ್ತದೆ. ಗೋಡೆಯ ಕ್ಯಾಲೆಂಡರಿನಲ್ಲಿ ಆ ತಿಂಗಳಿಗೆ ಈಗಲೇ ಒಂದು ಸುತ್ತು ಹಾಕಿಡಿ.